ರೇಡಿಯೋ ಕೇಳಲು ಎಲ್ಲಿ ಕೂರುತ್ತಿದ್ದರು?

ಹತ್ತು ಜನ ಒಟ್ಟಿಗೆ ಕೂತು ಕೇಳುವುದು ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ಹೊಸದಲ್ಲ. ಕಂಸಾಳೆಯವರನ್ನು ಕರೆಸಿ ಮಾದಪ್ಪನ ಕಥೆ ಮಾಡಿಸಿದರೆ ರಾತ್ರಿ ಹೋಗಿ ಬೆಳಗಾಗುತ್ತದೆ. ಕರೆಸಿದ ಮನೆಯವರೇ ಊಟ ಹಾಕಬೇಕು, ಬಂದವರಿಗೆ ಜಾಗ ಮಾಡಿಕೊಡಬೇಕು. ಮುಂದೆ ರೇಡಿಯೋ ಇಟ್ಟ ಮನೆಯವರ ಪಾಡೂ ಹೆಚ್ಚುಕಡಿಮೆ ಇದೇ ಆಯಿತು.

ಮೈಸೂರು ಸೀಮೆಯ ರೇಡಿಯೋ ಹುಟ್ಟಿದ್ದೂ ಒಂದು ಮನೆಯಲ್ಲೇ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ 'ವಿಠಲ ವಿಹಾರ'ದಿಂದ ಪ್ರಸಾರ ಶುರುಮಾಡಿದರು. ಯಂತ್ರದ ಶಕ್ತಿ ಬರೀ 30 ವಾಟ್. ಈಗಿನ ಎಲ್‌ಇಡಿ ಟ್ಯೂಬ್‌ಲೈಟ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೆ! ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಕೆಲವು ವರ್ಷಗಳ ನಂತರ ಸಂಸ್ಥಾನವೇ ಅದನ್ನು ವಹಿಸಿಕೊಂಡಿತು.

ಆಗ ನಮ್ಮ ಮೂರು ಊರುಗಳು ಒಂದೇ ಸರ್ಕಾರದ ಕೆಳಗೆ ಇರಲಿಲ್ಲ. ಯಳಂದೂರು ಮೈಸೂರಿನದು. ಕೊಳ್ಳೇಗಾಲ ಮತ್ತು ಆ ತಾಲ್ಲೂಕಿಗೆ ಸೇರಿದ್ದ ಹನೂರು ಮದ್ರಾಸಿನ ಕೊಯಮತ್ತೂರು ಜಿಲ್ಲೆಯವು. ಮದ್ರಾಸ್ ರೇಡಿಯೋ ಕೇಂದ್ರ 1938ರ ಜೂನ್ 16ರಂದು ಶುರುವಾಯಿತು. ಅಂದರೆ 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲದವರು ಮನೆಯಲ್ಲಿ ಆಡುವ ಮಾತು ಕನ್ನಡ, ಅವರ ರಾಜ್ಯದ ರೇಡಿಯೋ ಮದ್ರಾಸಿನದು.

ಸೆಟ್ ಇಡುವುದೂ ಸುಲಭವಿರಲಿಲ್ಲ. ವಾಲ್ವ್ ರೇಡಿಯೋ ಬಿಸಿಯಾಗುವ ತನಕ ಸದ್ದೇ ಬರುತ್ತಿರಲಿಲ್ಲ. ಏರಿಯಲ್ ತಂತಿ ಎಳೆಯಬೇಕು. ಕರೆಂಟ್ ಇಲ್ಲದ ಊರಲ್ಲಿ ಬ್ಯಾಟರಿ ಬೇಕು. ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸ್ ಹಣ ಕಟ್ಟಬೇಕು. ಹಾಗಾಗಿ ಹಳ್ಳಿಯಲ್ಲಿ ರೇಡಿಯೋ ಎಂದರೆ ಉಳ್ಳವರ ಮನೆ. ಉಳ್ಳವರ ಜಗಲಿ ಎಲ್ಲರಿಗೂ ತೆರೆದಿತ್ತೇ? ಜಾತಿಗೊಂದು ಬೀದಿ ಇದ್ದ ಸೀಮೆ ನಮ್ಮದು. ಹಾಡು ಗೋಡೆ ದಾಟುತ್ತಿತ್ತು, ಕೇಳುವವರೆಲ್ಲ ಹೊಸಿಲು ದಾಟುವಂತಿರಲಿಲ್ಲ.

ಅದಕ್ಕೇ ಪಂಚಾಯ್ತಿ ರೇಡಿಯೋ ದೊಡ್ಡ ಸಂಗತಿ ಎನ್ನುತ್ತೇನೆ. ಹಳ್ಳಿಗಳಿಗೆ ಸಾರ್ವಜನಿಕ ಸೆಟ್ ಕೊಡಲು 1950ರ ದಶಕದಲ್ಲಿ ಸರ್ಕಾರವೇ ನೆರವು ಕೊಟ್ಟಿತು. 1956ರಲ್ಲಿ ಪುಣೆ ಕೇಂದ್ರದ ವ್ಯಾಪ್ತಿಯ 150 ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನ ಒಂದು ಪ್ರಯೋಗವೂ ನಡೆಯಿತು. ವಾರಕ್ಕೆ ಎರಡು ಸಲ, ಸುಮಾರು 20 ಜನರ ಗುಂಪು ಅರ್ಧ ಗಂಟೆ ಕೇಳುವುದು, ಆಮೇಲೆ ಅದರ ಬಗ್ಗೆ ಮಾತಾಡುವುದು, ಪ್ರಶ್ನೆ ಇದ್ದರೆ ಕೇಂದ್ರಕ್ಕೆ ಬರೆಯುವುದು. ರೈತ ಬರೀ ಕೇಳಿ ಎದ್ದು ಹೋಗುವವನಲ್ಲ, ತಿರುಗಿ ಕೇಳುವವನೂ ಹೌದು ಎಂದು ಒಪ್ಪಿಕೊಂಡ ಪ್ರಯೋಗ ಅದು. ಮುಂದೆ ಇಂಥ ಗುಂಪುಗಳು ದೇಶದ ಬೇರೆ ಕಡೆಗೂ ಹಬ್ಬಿದವು. ಸೆಟ್ ಇದ್ದ ಕೋಣೆಯ ಬೀಗದ ಕೈ ಯಾರ ಹತ್ತಿರ ಇತ್ತು ಎನ್ನುವುದು ಊರೂರಿನ ಬೇರೆ ಕಥೆ.

ಆಮೇಲೆ ಟ್ರಾನ್ಸಿಸ್ಟರ್ ಬಂತು. ರೇಡಿಯೋ ಹೊಲಕ್ಕೂ ಹೋಯಿತು, ಗುಂಪು ಕರಗಿತು.

ನಿಮ್ಮ ಅಟ್ಟದ ಮೇಲೆ ಹಳೆ ರೇಡಿಯೋ ಲೈಸೆನ್ಸ್ ಪುಸ್ತಕ ಸಿಕ್ಕರೆ ಗುಜರಿಗೆ ಹಾಕಬೇಡಿ. ಅಂಚೆ ಮುದ್ರೆಯಲ್ಲಿ ಊರಿನ ಹೆಸರು, ವರ್ಷ ಸಿಗಬಹುದು. ತಾತ, ಅಜ್ಜಿ ಇದ್ದರೆ ಏನು ಕೇಳುತ್ತಿದ್ದಿರಿ ಎಂದಷ್ಟೇ ವಿಚಾರಿಸಬೇಡಿ. ಎಲ್ಲಿ ಕೂತು ಕೇಳುತ್ತಿದ್ದಿರಿ, ಜಗಲಿಯ ಮೇಲೋ, ಬೀದಿಯಲ್ಲೋ ಎಂದೂ ಕೇಳಿ ಬರೆದಿಟ್ಟುಕೊಳ್ಳಿ.