ಎರಡು ಕ್ಲಿಕ್ಕಿನ ಹಿಂದಿನ ಕಥೆ

ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಯಂತ್ರಕ್ಕೆ ಹೊದಿಸಿದ ಬಟ್ಟೆ ತೆಗೆದು, ಅದು ಚಾಲೂ ಆಗುವವರೆಗೆ ಕೈಕಟ್ಟಿ ನಿಂತು, ಸರದಿ ಬಂದಾಗ ಪರದೆಯ ಒಂದು ಚಿತ್ರದ ಮೇಲೆ ಮೌಸ್ ತಂದು ಟಕ್‌ಟಕ್ ಎಂದು ಎರಡು ಸಲ ಒತ್ತುವುದು. ನನ್ನ ಕಂಪ್ಯೂಟರ್ ವಿದ್ಯಾಭ್ಯಾಸ ಶುರುವಾದದ್ದು ಹಾಗೆ. ಆ ಒತ್ತುವಿಕೆಗೂ ಒಂದು ಚರಿತ್ರೆ ಇದೆಯೆಂದು ತಿಳಿದದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ.

ಹಿಂದೆ ಕಂಪ್ಯೂಟರಿಗೆ ಕೆಲಸ ಹೇಳುವುದೆಂದರೆ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡುವುದು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಆರಂಭಿಸಿದ ಯುನಿಕ್ಸ್, 1981ರಲ್ಲಿ ಐಬಿಎಂ ಪಿಸಿಯೊಂದಿಗೆ ಬಂದ ಡಾಸ್, ಎರಡೂ ಇದೇ ಬಗೆಯವು. ಪದೇ ಪದೇ ಬೇಕಾಗುವ ಆಜ್ಞೆಗಳನ್ನು ಸಾಲಾಗಿ ಒಂದು ಫೈಲಿನಲ್ಲಿ ಬರೆದಿಟ್ಟರೆ ಅದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ಅಡುಗೆಭಟ್ಟರ ಕೈಗೆ ಚೀಟಿ ಕೊಟ್ಟ ಹಾಗೆ.

1981ರ ಜೆರಾಕ್ಸ್ ಸ್ಟಾರ್ ಯಂತ್ರದಲ್ಲಿ ಚಿತ್ರಗಳೂ ಇದ್ದವು, ಮೌಸ್ ಕೂಡ ಇತ್ತು. ಆದರೆ ಚಿತ್ರವನ್ನು ಮೌಸ್‌ನಿಂದ ಆರಿಸಿದ ಮೇಲೆ ತೆರೆಯಲು ಕೀಲಿಮಣೆಯಲ್ಲಿ ಬೇರೆ ಗುಂಡಿ ಒತ್ತಬೇಕಿತ್ತು. 1983ರಲ್ಲಿ ಆಪಲ್ ಕಂಪನಿಯ ಲೀಸಾಕ್ಕೆ ಒಂದೇ ಗುಂಡಿಯ ಮೌಸ್. ಒಂದು ಸಲ ಒತ್ತಿದರೆ ಆರಿಸು, ಎರಡು ಸಲ ಒತ್ತಿದರೆ ತೆರೆ. ಮರುವರ್ಷ ಬಂದ ಮ್ಯಾಕಿಂತೋಷ್ ಈ ಅಭ್ಯಾಸವನ್ನು ಬಹಳ ಜನರ ಕೈಗೆ ಮುಟ್ಟಿಸಿತು.

ಇಲ್ಲೇ ತೊಡಕು. ಪತ್ರವನ್ನು ತೆರೆಯುವುದೆಂದರೆ ಓದುವುದು. ಸ್ಕ್ರಿಪ್ಟ್ ಕೂಡ ನೋಡಲು ಬರೀ ಅಕ್ಷರಗಳೇ. ಹಾಗಾದರೆ ಚೀಟಿಯನ್ನು ಓದಿ ತೋರಿಸಬೇಕೋ, ಅದರಲ್ಲಿರುವಂತೆ ಅಡುಗೆಯನ್ನೇ ಮಾಡಿಬಿಡಬೇಕೋ? ಯುನಿಕ್ಸ್‌ನವರು ಪ್ರತಿ ಫೈಲಿಗೂ ಓದಲು, ಬರೆಯಲು, ನಡೆಸಲು ಎಂದು ಪ್ರತ್ಯೇಕ ಅನುಮತಿ ಇಟ್ಟಿದ್ದರು. 1980ರಲ್ಲಿ ರಿಚಿ ಇನ್ನೊಂದು ಉಪಾಯ ಸೇರಿಸಿದರು: ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಹ್ಯಾಶ್ ಗುರುತು, ಆಶ್ಚರ್ಯಸೂಚಕ ಚಿಹ್ನೆ, ಅದರ ಮುಂದೆ ಇದನ್ನು ಯಾವ ಪ್ರೋಗ್ರಾಂ ನಡೆಸಬೇಕೆಂಬ ವಿಳಾಸ. ಡಾಸ್ ನೋಡುತ್ತಿದ್ದುದು ಹೆಸರಿನ ಬಾಲವನ್ನು ಮಾತ್ರ. ಡಾಟ್ ಬ್ಯಾಟ್ ಎಂದಿದ್ದರೆ ನಡೆಸು. ವಿಂಡೋಸ್ 95 ಈ ಬಾಲದ ಪದ್ಧತಿಯನ್ನೂ ಎರಡು ಕ್ಲಿಕ್ಕನ್ನೂ ಮುಂದುವರಿಸಿತು. ನೋಡಲು ಚೆಂದವಿರಲೆಂದೋ ಏನೋ, ಪರಿಚಿತ ಬಾಲಗಳನ್ನು ಬಳಕೆದಾರರ ಕಣ್ಣಿನಿಂದ ಮರೆಮಾಡಿತು. ನನ್ನ ಅಭಿಪ್ರಾಯದಲ್ಲಿ ದೊಡ್ಡ ತಪ್ಪು ಇದೇ.

2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ಎಂಬ ಇಮೇಲ್ ಜಗತ್ತನ್ನೆಲ್ಲ ಸುತ್ತಿತು. ಜೊತೆಗಿದ್ದ ಫೈಲ್ ಹೆಸರಿಗೆ ಪ್ರೇಮಪತ್ರ, ಅಸಲಿಗೆ ಸ್ಕ್ರಿಪ್ಟ್. ನಿಜವಾದ ಬಾಲ ಅಡಗಿದ್ದರಿಂದ ಜನ ಪತ್ರವೆಂದುಕೊಂಡು ಎರಡು ಸಲ ಒತ್ತಿದರು. ಅದು ಅವರ ಫೋಟೋ ಫೈಲುಗಳನ್ನು ಅಳಿಸಿ ಅಲ್ಲಿ ತನ್ನನ್ನೇ ಬರೆದುಕೊಂಡಿತು, ಅವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತಾನೇ ಪತ್ರ ಹಾಕಿತು. ಬ್ರಿಟನ್ನಿನ ಸಂಸತ್ತು ಇಮೇಲ್ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು.

ಆ ಪೆಟ್ಟಿನ ನಂತರದ ಎಚ್ಚರ ಈಗಲೂ ಕಾಣುತ್ತದೆ. 2006ರಲ್ಲಿ ಬಂದ ಪವರ್‌ಶೆಲ್‌ನ ಸ್ಕ್ರಿಪ್ಟನ್ನು ಎರಡು ಸಲ ಒತ್ತಿದರೆ ಅದು ನಡೆಯುತ್ತಿರಲಿಲ್ಲ, ನೋಟ್‌ಪ್ಯಾಡಿನಲ್ಲಿ ತೆರೆದುಕೊಳ್ಳುತ್ತಿತ್ತು. ಇಂದಿನ ಮ್ಯಾಕ್‌ನಲ್ಲಿ ಡಾಟ್ ಕಮ್ಯಾಂಡ್ ಎಂಬ ಬಾಲವೂ ಬೇಕು, ನಡೆಸುವ ಅನುಮತಿಯೂ ಬೇಕು. ಲಿನಕ್ಸ್‌ನಲ್ಲಿ ಡಾಟ್ ಡೆಸ್ಕ್‌ಟಾಪ್ ಎಂಬ ಪುಟ್ಟ ಫೈಲೊಂದನ್ನು ಬರೆದು, ಹೆಸರೇನು, ಚಿತ್ರ ಯಾವುದು, ಯಾವ ಆಜ್ಞೆ ನಡೆಸಬೇಕು ಎಂದು ತಿಳಿಸಬಹುದು.

ಈ ಚರಿತ್ರೆಯೆಲ್ಲ ಗೊತ್ತಿದ್ದ ನಾನೇ ಎಡವಿದ್ದು ಈ ಸಂಚಿಕೆಯ ಕೆಲಸದಲ್ಲಿ. ಹಳೆಯ ವಿದ್ಯಾರ್ಥಿಗಳು ಕಳುಹಿಸಿದ ಫೋಟೋಗಳ ಹೆಸರಿನ ಮುಂದೆ ಅವರು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಸೇರಿಸಲು ಒಂದು ಬ್ಯಾಟ್ ಫೈಲ್ ಬರೆದು ಶಾಲೆಗೆ ಕೊಟ್ಟೆ. ಎರಡು ಸಲ ಒತ್ತಿ ಸಾಕು ಎಂದಿದ್ದೆ. ಸಂಜೆ ಶಿಕ್ಷಕಿಯೊಬ್ಬರ ಫೋನ್: "ಏನೋ ಕಪ್ಪಗೆ ಬಂತು, ಹೋಯ್ತು. ಮತ್ತೆ ಒತ್ತಿದೆ, ಹಾಗೇ ಆಯ್ತು." ಕೆಲಸ ಮುಗಿದೊಡನೆ ಆ ಕಪ್ಪು ಕಿಟಕಿ ತಾನಾಗಿ ಮುಚ್ಚಿಕೊಳ್ಳುತ್ತದೆಂದು ಹೇಳಲು ಮರೆತಿದ್ದೆ. ಅವರು ನಾಲ್ಕು ಬಾರಿ ಪ್ರಯತ್ನಿಸಿದ್ದರು. ಪ್ರತಿ ಫೋಟೋದ ಹೆಸರೂ 1987-1987-1987-1987 ಎಂದು ಶುರುವಾಗಿತ್ತು! ತಪ್ಪು ಅವರದಲ್ಲ. ಪಕ್ಕದಲ್ಲಿ ನಾನಿಲ್ಲದಾಗ ನನ್ನ ಸ್ಕ್ರಿಪ್ಟ್ ಅವರೊಡನೆ ಒಂದು ಮಾತೂ ಆಡಿರಲಿಲ್ಲ.

ಮರುದಿನ ಎರಡು ತಿದ್ದುಪಡಿ ಮಾಡಿದೆ. ವರ್ಷ ಈಗಾಗಲೇ ಇದ್ದರೆ ಆ ಫೋಟೋ ಬಿಟ್ಟು ಮುಂದೆ ಹೋಗು; ಕೊನೆಯಲ್ಲಿ 'ಪಾಸ್' ಎಂಬ ಆಜ್ಞೆ, ಅಂದರೆ ಯಾವುದಾದರೂ ಗುಂಡಿ ಒತ್ತುವವರೆಗೆ ಕಾಯಿ. "ಕೆಲಸ ಮುಗಿಯಿತು" ಎಂದು ಕನ್ನಡದಲ್ಲೇ ತೋರಿಸಲು ಹೋದರೆ ಕಪ್ಪು ಕಿಟಕಿಯಲ್ಲಿ ಬರೀ ಚೌಕಗಳು ಬಂದವು. ಆ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಾಯಿತು. ಹೊರಗಿನ ಚಿತ್ರದ ಕೆಳಗೆ ಮಾತ್ರ ಅಚ್ಚ ಕನ್ನಡದಲ್ಲಿ 'ಫೋಟೋಗೆ ವರ್ಷ ಹಾಕು' ಎಂದಿದೆ. ಶಾಲಾ ಕಚೇರಿಯ ಕಂಪ್ಯೂಟರಿನಲ್ಲಿ ಅದು ಈಗಲೂ ಇದೆ.