ಮೀಟರಿನಿಂದ ಶುರುವಾಗಬೇಕಾದ ಕೈಪಿಡಿ: ನಾಲ್ಕು ತಾಲ್ಲೂಕುಗಳಿಗೆ ಬೋಯಿಂಕ್

ಮನೆಯ ಕಂಪ್ಯೂಟರು ಸುಮ್ಮನೆ ಕೂತ ಹೊತ್ತನ್ನು ವಿಜ್ಞಾನದ ಲೆಕ್ಕಗಳಿಗೆ ಬಿಟ್ಟುಕೊಡುವ ಪದ್ಧತಿಗೆ ಕಾಲು ಶತಮಾನ ದಾಟಿದೆ. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ‘ಗಿಂಪ್ಸ್’ 1996ರಲ್ಲಿ ಶುರುವಾಯಿತು. ಅರೆಸಿಬೊ ರೇಡಿಯೊ ದೂರದರ್ಶಕ ಹಿಡಿದ ಸಂಕೇತಗಳನ್ನು ಜನರ ಮನೆಗಳಿಗೆ ಹಂಚಿದ ‘ಸೆಟಿ ಅಟ್ ಹೋಮ್’ 1999ರ ಮೇ 17ರಂದು ಬಂತು. ಆ ಯೋಜನೆ ನಡೆಯುತ್ತಿದ್ದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲೇ ಡೇವಿಡ್ ಆ್ಯಂಡರ್ಸನ್ 2002ರಲ್ಲಿ ‘ಬೋಯಿಂಕ್’ ಕಟ್ಟಲು ತೊಡಗಿದರು. ಯಾವ ಸಂಶೋಧನಾ ಯೋಜನೆ ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ ಅದು. ಸೆಟಿ 2020ರ ಮಾರ್ಚ್ 31ಕ್ಕೆ ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಬೋಯಿಂಕ್ ಮಾತ್ರ ಇಂದಿಗೂ ದುಡಿಯುತ್ತಿದೆ. ಇದರಿಂದ ಬಂದ ಫಲ ಸಣ್ಣದಲ್ಲ. 2010ರಲ್ಲಿ ‘ಐನ್‌ಸ್ಟೈನ್ ಅಟ್ ಹೋಮ್’ ಯೋಜನೆಯಲ್ಲಿ ಅಮೆರಿಕದ ಅಯೋವಾ ಮತ್ತು ಜರ್ಮನಿಯ ಸ್ವಯಂಸೇವಕರ ಯಂತ್ರಗಳು ಹೊಸದೊಂದು ಪಲ್ಸಾರ್ ನಕ್ಷತ್ರವನ್ನೇ ಪತ್ತೆ ಮಾಡಿದವು.

ಈ ತಂತ್ರಾಂಶದ ಸ್ಥಾಪನಾ ಕೈಪಿಡಿಯನ್ನು ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಓದುಗರಿಗಾಗಿ ಕನ್ನಡದಲ್ಲಿ ಹಲವರು ಕೂಡಿ ಬರೆಯುವುದಾದರೆ ಅದರಲ್ಲಿ ಏನಿರಬೇಕು, ಯಾವ ಭಾಗವನ್ನು ಯಾರು ಬರೆಯಬೇಕು ಎಂಬುದು ಈ ಟಿಪ್ಪಣಿಯ ವಿಷಯ. ನನ್ನ ವಾದ ಇಷ್ಟೆ: ‘ಇಳಿಸಿಕೊಳ್ಳಿ, ಸ್ಥಾಪಿಸಿ, ಯೋಜನೆ ಆರಿಸಿ’ ಎಂಬ ಮೂರು ಹೆಜ್ಜೆ ಯಾರಿಗೂ ಕಷ್ಟವಲ್ಲ. ಕಷ್ಟವಿರುವುದು ಕರೆಂಟು, ಬಿಸಿಲು ಮತ್ತು ಮೊಬೈಲ್ ಡೇಟಾದಲ್ಲಿ. ಅದನ್ನು ಬಲ್ಲವರು ತಂತ್ರಾಂಶ ಬಲ್ಲವರಲ್ಲ, ಊರಿನಲ್ಲಿ ಬಿಲ್ಲು ಕಟ್ಟುವವರು. ಕೈಪಿಡಿಯ ಸಹಲೇಖಕರಾಗಿ ಅವರೇ ಬೇಕು.

ಕೆಲಸದ ಸ್ವರೂಪವನ್ನು ಬನಹಟ್ಟಿಯ ಓದುಗರಿಗೆ ವಿವರಿಸುವುದು ಸುಲಭ. ಅಲ್ಲಿ ನೇಕಾರರು ಮಾಲೀಕರಿಂದ ನೂಲು ತಂದು, ಮನೆಯ ಮಗ್ಗದ ಮೇಲೆ ಸೀರೆ ನೇಯ್ದು, ವಾಯಿದೆಯೊಳಗೆ ಒಪ್ಪಿಸಿ ಮಜೂರಿ ಪಡೆಯುತ್ತಾರೆ. ಬೋಯಿಂಕ್ ಸರ್ವರು ಕೂಡ ದೊಡ್ಡ ಲೆಕ್ಕವನ್ನು ತುಂಡು ಮಾಡಿ ಮನೆಗಳಿಗೆ ಕಳಿಸುತ್ತದೆ, ವಾಯಿದೆ ಹಾಕುತ್ತದೆ, ಮುಗಿದದ್ದನ್ನು ತರಿಸಿಕೊಳ್ಳುತ್ತದೆ; ವಾಯಿದೆ ಮೀರಿದರೆ ಅದೇ ತುಂಡನ್ನು ಬೇರೆಯವರಿಗೆ ಕೊಡುತ್ತದೆ. ವ್ಯತ್ಯಾಸ ಎರಡು. ಮೊದಲನೆಯದು, ಎಷ್ಟೋ ಯೋಜನೆಗಳಲ್ಲಿ ಒಂದೇ ತುಂಡು ಎರಡು ಮನೆಗೆ ಹೋಗುತ್ತದೆ, ಎರಡೂ ಉತ್ತರ ತಾಳೆಯಾದರಷ್ಟೇ ಸ್ವೀಕಾರ. ಎರಡನೆಯದು, ಇಲ್ಲಿ ಮಜೂರಿಯಿಲ್ಲ. ‘ಕ್ರೆಡಿಟ್’ ಎಂದು ಖಾತೆಗೆ ಸೇರುವುದು ಬರೀ ಅಂಕಿ, ದುಡ್ಡಲ್ಲ. ಕಂಪ್ಯೂಟರಿನಿಂದ ಗಳಿಕೆಯಾಗುತ್ತದೆಂದು ಆಸೆ ತೋರಿಸುವವರು ಹೆಚ್ಚಿರುವ ಈ ದಿನಗಳಲ್ಲಿ ಕೈಪಿಡಿಯ ಮೊದಲ ಪುಟದಲ್ಲೇ, ದಪ್ಪಕ್ಷರದಲ್ಲಿ, ಈ ಮಾತು ಇರಬೇಕು.

ಈಗ ಮೀಟರಿಗೆ ಬರೋಣ. ಕರ್ನಾಟಕದ ‘ಗೃಹ ಜ್ಯೋತಿ’ 2023ರಿಂದ ಜಾರಿಯಲ್ಲಿದೆ. ಮನೆಯೊಂದು 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿ ಉಚಿತ ಮಿತಿ ಗೊತ್ತುಮಾಡಲಾಯಿತು. ಆ ಮಿತಿ ದಾಟಿಯೂ 200 ಯೂನಿಟ್ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ದುಡ್ಡು; 200 ದಾಟಿದರೆ ಇಡೀ ಬಿಲ್ಲು. ತಿಂಗಳಿಗೆ 80 ಯೂನಿಟ್ ಸುಡುವ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಉಚಿತ ಮಿತಿ 88. ದುಡಿಯುವಾಗ 100 ವ್ಯಾಟ್ ಎಳೆಯುವ ಡೆಸ್ಕ್‌ಟಾಪನ್ನು ಹಗಲೂ ರಾತ್ರಿ ಓಡಿಸಿದರೆ 30 ದಿನಕ್ಕೆ 72 ಯೂನಿಟ್. ಒಟ್ಟು 152, ಅಂದರೆ 64 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಸರಾಸರಿ 140 ಇರುವ ಮನೆಯಲ್ಲಿ ಇದೇ ಯಂತ್ರ ಓಡಿದರೆ ಒಟ್ಟು 212 ಆಗಿ ಉಚಿತದ ಲಾಭವೇ ಆ ತಿಂಗಳು ಕೈತಪ್ಪುತ್ತದೆ. ದಿನಕ್ಕೆ 8 ಗಂಟೆ ಮಾತ್ರ ಓಡಿಸಿದರೆ 24 ಯೂನಿಟ್, ಎರಡೂ ಮನೆಗೆ ತಾಳಿಕೊಳ್ಳಬಹುದಾದ ಹೊರೆ. ಬೋಯಿಂಕ್‌ನಲ್ಲಿ ದುಡಿಯುವ ಗಂಟೆಗಳನ್ನು ಗೊತ್ತುಮಾಡುವ, ಪ್ರೊಸೆಸರಿನ ಎಷ್ಟು ಪಾಲು ಬಳಸಬೇಕೆಂದು ಹೇಳುವ ಸೆಟ್ಟಿಂಗುಗಳಿವೆ. ಅವನ್ನು ‘ಮುಂದುವರಿದ ಆಯ್ಕೆಗಳು’ ಎಂದು ಕೊನೆಯ ಅಧ್ಯಾಯಕ್ಕೆ ತಳ್ಳುವುದು ನಮ್ಮ ಊರುಗಳ ಮಟ್ಟಿಗೆ ಅನ್ಯಾಯ. ಈ ಲೆಕ್ಕವನ್ನು ಓದುಗ ತನ್ನದೇ ಬಿಲ್ಲು ಎದುರಿಗಿಟ್ಟುಕೊಂಡು ಮಾಡುವಂತೆ ಖಾಲಿ ಕೋಷ್ಟಕವೊಂದನ್ನು ಮೊದಲ ಅಧ್ಯಾಯದಲ್ಲೇ ಕೊಡಬೇಕು. ಮಗ್ಗದ ಮನೆಗಳಿಗೆ ಇನ್ನೊಂದು ಎಚ್ಚರಿಕೆ: ಪವರ್‌ಲೂಮಿನ ಆರ್.ಆರ್. ನಂಬರು ಬೇರೆ, ಮನೆಯದು ಬೇರೆ. ಲೂಮಿನ ಸಂಪರ್ಕಕ್ಕೆ ಕಂಪ್ಯೂಟರು ಜೋಡಿಸಬಾರದು.

ಮೊಬೈಲಿನ ಕತೆಯೇ ಬೇರೆ. ಆಂಡ್ರಾಯ್ಡ್ ಬೋಯಿಂಕ್ ತಾನಾಗಿಯೇ ಕೆಲವು ಷರತ್ತು ಹಾಕಿಕೊಂಡು ಬರುತ್ತದೆ: ಫೋನು ಚಾರ್ಜಿಗಿರಬೇಕು, ಬ್ಯಾಟರಿ ಶೇ 90 ತುಂಬಿರಬೇಕು, ಬ್ಯಾಟರಿಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಕೆಲಸ ತರುವುದು ಒಪ್ಪಿಸುವುದು ವೈಫೈಯಲ್ಲಿ ಮಾತ್ರ. ಏಪ್ರಿಲ್-ಮೇ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ಹೊರಗಿನ ಗಾಳಿಯೇ 40ರ ಆಸುಪಾಸಿನಲ್ಲಿರುತ್ತದೆ. ಪತ್ರಾಸಿನ ಮನೆಯಲ್ಲಿ ಮಧ್ಯಾಹ್ನ ಚಾರ್ಜಿಗಿಟ್ಟ ಫೋನಿನಲ್ಲಿ ಬೋಯಿಂಕ್ ಕೆಲಸವನ್ನೇ ಮಾಡುವುದಿಲ್ಲ. ಬರೀ ಮೊಬೈಲ್ ಡೇಟಾ ಇರುವವರಿಗೆ ವರ್ಷದ ಯಾವ ಕಾಲದಲ್ಲೂ ಅದು ಕೆಲಸ ತರುವುದಿಲ್ಲ. ಹೊಸಬರು ಇದನ್ನು ಕಂಡು ‘ಕೆಟ್ಟಿದೆ’ ಎಂದು ತೆಗೆದುಹಾಕುತ್ತಾರೆ. ನಿಜಕ್ಕೂ ಅದು ಫೋನನ್ನು ಕಾಯುತ್ತಿದೆ. ಬಿಸಿಯ ಮಿತಿಯನ್ನು ಏರಿಸುವ ದಾರಿಯನ್ನು ಕೈಪಿಡಿ ಹೇಳಿಕೊಡಲೇಬಾರದೆಂದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ರಾತ್ರಿ ಮಾತ್ರ ಓಡಿಸಿ ಎಂದರೆ ಸಾಕು. ಇನ್ನೊಂದು ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿದರೆ ಖರ್ಚಾಗುವುದು ಆ ಫೋನಿನ ಡೇಟಾ ಎಂಬುದನ್ನೂ ಹೇಳಬೇಕು.

ಕರೆಂಟು ಹೋದಾಗ ಆಗುವ ನಷ್ಟದ ಬಗ್ಗೆ ಹೆಚ್ಚು ಹೆದರಿಸಬೇಕಿಲ್ಲ. ಲೆಕ್ಕದ ತುಂಡುಗಳು ನಡುನಡುವೆ ತಾವು ಎಲ್ಲಿದ್ದೇವೆಂದು ಡಿಸ್ಕಿನಲ್ಲಿ ಬರೆದಿಡುತ್ತವೆ. ಯಂತ್ರ ಮತ್ತೆ ಎದ್ದಾಗ ಅಲ್ಲಿಂದಲೇ ಮುಂದುವರಿಯುತ್ತವೆ. ಹೀಗೆ ಬರೆದಿಡುವ ಅಂತರ ಯೋಜನೆಯಿಂದ ಯೋಜನೆಗೆ ಬೇರೆ. ಯುಪಿಎಸ್ ಇಲ್ಲದ ಮನೆಗಳಿಗೆ ಸಣ್ಣ ಅಂತರದ ಯೋಜನೆಗಳನ್ನು ಸೂಚಿಸಬೇಕು. ಮುಂಗಡವಾಗಿ ಎಷ್ಟು ದಿನದ ಕೆಲಸ ತಂದಿಟ್ಟುಕೊಳ್ಳಬೇಕೆಂಬ ಸೆಟ್ಟಿಂಗಿನಲ್ಲಿ ಮೊದಲಿಗೇ ಇರುವ ಅಂಕಿ ಚಿಕ್ಕದು, ಒಂದು ದಿನಕ್ಕೂ ಕಡಿಮೆ. ಅದನ್ನು ಹಾಗೆಯೇ ಬಿಡುವುದು ಒಳ್ಳೆಯದು. ಕಬ್ಬಿನ ಸುಗ್ಗಿಗೋ ದೀಪಾವಳಿಗೋ ವಿದ್ಯಾರ್ಥಿ ಊರಿಗೆ ಹೋಗಿ ವಾರಗಟ್ಟಲೆ ಯಂತ್ರ ಮುಚ್ಚಿದರೆ, ತಂದಿಟ್ಟ ರಾಶಿಯೆಲ್ಲ ವಾಯಿದೆ ಮೀರುತ್ತದೆ.

ಕಾಲೇಜಿನ ಲ್ಯಾಬಿನಲ್ಲಿ ಹಾಕುವುದಾದರೆ ಪ್ರಾಂಶುಪಾಲರ ಲಿಖಿತ ಒಪ್ಪಿಗೆ ಬೇಕೇ ಬೇಕು. ಅಮೆರಿಕದ ಜಾರ್ಜಿಯಾ ರಾಜ್ಯದ ತಾಂತ್ರಿಕ ಕಾಲೇಜೊಂದರ ಸಿಸ್ಟಂ ನಿರ್ವಾಹಕರು ಅಲ್ಲಿನ ಕಂಪ್ಯೂಟರುಗಳಲ್ಲಿ ಇಂಥದೇ ತಂತ್ರಾಂಶ ಹಾಕಿದ್ದಕ್ಕೆ ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಯಿತು. 2002ರಲ್ಲಿ ಅದು ದಂಡ ಮತ್ತು ಸಮುದಾಯ ಸೇವೆಯ ಒಪ್ಪಂದದಲ್ಲಿ ಮುಗಿಯಿತು. ಉದ್ದೇಶ ಒಳ್ಳೆಯದಿತ್ತೆಂಬ ಮಾತು ಅಲ್ಲಿ ಅವರನ್ನು ಕಾಯಲಿಲ್ಲ.

ಕೂಡಿ ಬರೆಯುವ ವಿಧಾನಕ್ಕೆ ಕನ್ನಡದಲ್ಲಿ ಹತ್ತಿರದ ಮಾದರಿ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ. ಯಾರು ಯಾವ ಸಾಲನ್ನು ಯಾವಾಗ ಬದಲಿಸಿದರೆಂಬ ಇತಿಹಾಸ ಅಲ್ಲಿ ಪ್ರತಿ ಪುಟಕ್ಕೂ ಉಂಟು, ಜಗಳ ಬಗೆಹರಿಸಲು ಚರ್ಚಾಪುಟವೂ ಉಂಟು. ಸ್ಥಾಪನಾ ಕೈಪಿಡಿಗೆ ಇವೆರಡರ ಜತೆ ಇನ್ನೊಂದು ಬೇಕು: ಪ್ರತಿ ಹೆಜ್ಜೆಯ ಕೆಳಗೆ ಅದನ್ನು ಯಾವ ಆವೃತ್ತಿಯಲ್ಲಿ, ಯಾವ ಯಂತ್ರದಲ್ಲಿ, ಯಾವ ತಿಂಗಳಲ್ಲಿ ಮಾಡಿ ನೋಡಿದ್ದೆಂಬ ಒಂದು ಸಾಲು. ತಂತ್ರಾಂಶ ಬದಲಾದಂತೆ ಪರದೆಯ ಚಿತ್ರಗಳು ಬೇಗ ಹಳತಾಗುತ್ತವೆ. ದಿನಾಂಕವಿಲ್ಲದ ಚಿತ್ರ ಓದುಗನನ್ನು ದಾರಿ ತಪ್ಪಿಸುತ್ತದೆ. ಬರೆದವರೇ ಪರೀಕ್ಷೆ ಮಾಡಬಾರದು. ಜಮಖಂಡಿಯಲ್ಲಿ ಬರೆದದ್ದನ್ನು ಬೀಳಗಿಯ ಮನೆಯೊಂದರಲ್ಲಿ, ಬೋಯಿಂಕ್ ಹೆಸರನ್ನೇ ಕೇಳದವರು, ಬರೆದವರಿಗೆ ಫೋನು ಮಾಡದೆ ಓದಿ ಮಾಡಿ ನೋಡಬೇಕು. ಅವರು ಎಲ್ಲಿ ನಿಂತರೋ ಅಲ್ಲಿ ಕೈಪಿಡಿ ತಪ್ಪಿದೆ. ಬಿಲ್ಲಿನ ಅಧ್ಯಾಯಕ್ಕೆ ಲೂಮಿನ ಮನೆಯವರೊಬ್ಬರು, ಫೋನಿನ ಅಧ್ಯಾಯಕ್ಕೆ ಮುಧೋಳದ ಮೊಬೈಲ್ ರಿಪೇರಿ ಅಂಗಡಿಯವರೊಬ್ಬರು ಲೇಖಕರಾಗಿ ಹೆಸರು ಹಾಕಬೇಕು. ಕೃತಜ್ಞತೆಯ ಪಟ್ಟಿಯಲ್ಲಿ ಹೆಸರು ಸೇರಿಸಿದರೆ ಸಾಲದು.

ಇಂಥ ಕೈಪಿಡಿಗಳಲ್ಲಿ ಸುಲಭವಾಗಿ ಬಿಟ್ಟುಹೋಗುವ ಪುಟ ನಿಲ್ಲಿಸುವುದು ಹೇಗೆಂಬುದು. ಬೋಯಿಂಕ್ ಮ್ಯಾನೇಜರಿನಲ್ಲಿ ‘ನೋ ನ್ಯೂ ಟಾಸ್ಕ್ಸ್’ ಎಂಬ ಗುಂಡಿಯಿದೆ. ಅದನ್ನು ಒತ್ತಿ, ಕೈಯಲ್ಲಿರುವ ಕೆಲಸ ಮುಗಿದು ಸರ್ವರಿಗೆ ತಲುಪುವತನಕ ಕಾದು, ಆಮೇಲೆ ಯೋಜನೆಯಿಂದ ಹೊರಬಂದು ತಂತ್ರಾಂಶ ತೆಗೆದರೆ ಯಾರ ಲೆಕ್ಕವೂ ನಡುವೆ ಕಡಿಯುವುದಿಲ್ಲ. ಬಿಲ್ಲು ಹೆಚ್ಚು ಬಂದ ತಿಂಗಳು ಮನೆಯವರು ಮೊದಲು ಹುಡುಕುವುದು ಈ ಪುಟವನ್ನೇ. ಆದ್ದರಿಂದ ನಾಲ್ಕು ತಾಲ್ಲೂಕುಗಳ ತಂಡ ಮೊದಲು ಬರೆದು ಪರೀಕ್ಷಿಸಬೇಕಾದದ್ದೂ ಅದನ್ನೇ.