ಆತಂಕ ತಗ್ಗಿಸುವ ಮನೋಚಿತ್ರಣ

ಸಂದರ್ಶನ ಇರುವುದು ನಾಳೆ. ಆದರೆ ಅಂಗೈ ಇಂದೇ ಬೆವರುತ್ತದೆ, ಬಾಯಿ ಒಣಗುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಆತಂಕದ ಬಹುಪಾಲು ಹೀಗೆ, ಇನ್ನೂ ನಡೆಯದ ಸಂಗತಿಯನ್ನು ಮನಸ್ಸು ಕಣ್ಣಮುಂದೆ ತಂದುಕೊಳ್ಳುವುದರಿಂದಲೇ ಹುಟ್ಟುತ್ತದೆ. ಅದೇ ಕಲ್ಪನಾಶಕ್ತಿಯನ್ನು ಬೇಕೆಂದೇ ಬೇರೆ ದಿಕ್ಕಿಗೆ ತಿರುಗಿಸಿ ದೇಹವನ್ನೂ ಮನಸ್ಸನ್ನೂ ಹದಕ್ಕೆ ತರುವ ಅಭ್ಯಾಸ ಮನೋಚಿತ್ರಣ. ಆಪ್ತಸಮಾಲೋಚಕರು ಇದನ್ನು ವಿಷುವಲೈಸೇಷನ್ ಎನ್ನುವುದೂ ಉಂಟು.

ಕಲ್ಪನೆಗೆ ದೇಹ ಸ್ಪಂದಿಸುವ ಬಗೆ

ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನ ಅಮಿಗ್ಡಲ ಎಚ್ಚೆತ್ತುಕೊಳ್ಳುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಅಪಾಯ ಎದುರಿಗೇ ಇರಬೇಕೆಂದಿಲ್ಲ, ಅದರ ಚಿತ್ರ ಮನಸ್ಸಿನಲ್ಲಿ ಮೂಡಿದರೂ ಸಾಕು. ಹುಣಸೆಹಣ್ಣನ್ನು ನೆನೆದರೆ ಬಾಯಲ್ಲಿ ನೀರೂರುವ ಹಾಗೆಯೇ ಇದು. ಕಣ್ಣಾರೆ ನೋಡುವಾಗ ಕೆಲಸ ಮಾಡುವ ಮಿದುಳಿನ ಭಾಗಗಳಲ್ಲಿ ಹಲವು, ಮನಸ್ಸಿನಲ್ಲೇ ಚಿತ್ರ ಕಟ್ಟುವಾಗಲೂ ಚುರುಕಾಗುತ್ತವೆ. ಮನೋವಿಜ್ಞಾನಿಗಳಾದ ಎಮಿಲಿ ಹೋಮ್ಸ್ ಮತ್ತು ಆಂಡ್ರ್ಯೂ ಮ್ಯಾಥ್ಯೂಸ್ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಹಿತಕರ ಸನ್ನಿವೇಶಗಳನ್ನು ಬರೀ ಮಾತಾಗಿ ಗ್ರಹಿಸಿದವರಿಗಿಂತ ಚಿತ್ರವಾಗಿ ಕಲ್ಪಿಸಿಕೊಂಡವರಲ್ಲಿ ಆತಂಕ ಹೆಚ್ಚಿತ್ತು. ಮನಸ್ಸಿನ ಚಿತ್ರಕ್ಕೆ ಇಷ್ಟು ಬಲವಿರುವುದರಿಂದಲೇ ಅದು ಚಿಕಿತ್ಸೆಗೂ ಒದಗಿಬರುತ್ತದೆ.

ಬೆಳೆದುಬಂದ ದಾರಿ

ದೇವರ ಮುಂದೆ ಹೂವು, ದೀಪ, ನೈವೇದ್ಯ ಯಾವುದೂ ಇಲ್ಲದೆ ಎಲ್ಲವನ್ನೂ ಮನಸ್ಸಿನಲ್ಲೇ ಅರ್ಪಿಸುವ ಮಾನಸ ಪೂಜೆ ನಮ್ಮಲ್ಲಿ ಹಳೆಯದು. ಬಿಹಾರದ ಮುಂಗೇರ್‌ನಲ್ಲಿ ಸ್ವಾಮಿ ಸತ್ಯಾನಂದ ಸರಸ್ವತಿ ರೂಪಿಸಿದ ಯೋಗನಿದ್ರೆಯಲ್ಲೂ ಚಿತ್ರಗಳನ್ನು ಒಂದೊಂದಾಗಿ ಮನಸ್ಸಿಗೆ ತಂದುಕೊಳ್ಳುವ ಹಂತವಿದೆ.

ಆಧುನಿಕ ಚಿಕಿತ್ಸೆಯಲ್ಲಿ ಇದಕ್ಕೆ ಗಟ್ಟಿ ನೆಲೆ ಒದಗಿಸಿದವರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯ ಜೋಸೆಫ್ ವೋಲ್ಪೆ ಪ್ರಮುಖರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ವೈದ್ಯರಾಗಿದ್ದ ಅವರಿಗೆ, ಯುದ್ಧದ ಆಘಾತಕ್ಕೆ ಸಿಕ್ಕ ಸೈನಿಕರಿಗೆ ಆಗ ಕೊಡುತ್ತಿದ್ದ ಚಿಕಿತ್ಸೆ ಸಮಾಧಾನ ತರಲಿಲ್ಲ. ದೇಹ ಪೂರ್ತಿ ಸಡಿಲವಾಗಿರುವಾಗ ಭಯ ತಳವೂರಲಾರದು ಎಂಬ ತತ್ತ್ವದ ಮೇಲೆ ಅವರು ಹೊಸ ವಿಧಾನ ಕಟ್ಟಿ, 1958ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಸ್ನಾಯುಗಳನ್ನು ಸಡಿಲಿಸುವ ಕ್ರಮವನ್ನು ಅಮೆರಿಕದ ಎಡ್ಮಂಡ್ ಜೇಕಬ್‌ಸನ್ ಅವರಿಂದ ಪಡೆದುಕೊಂಡರು.

ಪ್ರಶಾಂತ ತಾಣ

ಮೊದಲು ಕಲಿಯಬೇಕಾದ ಅಭ್ಯಾಸ ಇದು. ಆರಾಮವಾಗಿ ಕುಳಿತು, ಉಸಿರನ್ನು ನಿಧಾನಗೊಳಿಸಿ, ನೆಮ್ಮದಿ ಕೊಟ್ಟ ಒಂದು ಜಾಗವನ್ನು ನೆನೆಯಬೇಕು. ಉದಾಹರಣೆಗೆ, ಅಜ್ಜಿಮನೆಯ ಜಗಲಿ. 'ಅಲ್ಲಿ ಚೆನ್ನಾಗಿತ್ತು' ಎಂದುಕೊಂಡರೆ ಏನೂ ಆಗದು, ವಿವರಕ್ಕೆ ಇಳಿಯಬೇಕು. ಅಂಗಾಲಿಗೆ ತಾಗುವ ಕೆಂಪು ಗಾರೆ ನೆಲದ ತಂಪು, ಬಾವಿಯ ರಾಟೆ ಕಿರುಗುಟ್ಟುವ ಸದ್ದು, ಬಚ್ಚಲೊಲೆಯ ಹೊಗೆಯ ವಾಸನೆ, ಹಂಚಿನ ಸಂದಿಯಿಂದ ಬೀಳುವ ಬಿಸಿಲಕೋಲು, ಬೆಲ್ಲದ ಕಾಫಿಯ ರುಚಿ. ಐದೂ ಇಂದ್ರಿಯಗಳು ಸೇರಿಕೊಂಡಾಗ ಚಿತ್ರ ಗಟ್ಟಿಯಾಗುತ್ತದೆ. ಮನಸ್ಸು ಬೇರೆಡೆಗೆ ಹರಿದರೆ ಬೈದುಕೊಳ್ಳದೆ ಯಾವುದಾದರೊಂದು ವಿವರಕ್ಕೆ ಮರಳಿದರಾಯಿತು.

ದಿನಕ್ಕೆ ಹತ್ತು ನಿಮಿಷ, ಅದೂ ಮನಸ್ಸು ತಿಳಿಯಾಗಿರುವಾಗ ಇದನ್ನು ರೂಢಿಸಿಕೊಳ್ಳಬೇಕು. ಎದೆ ಡವಗುಟ್ಟುವಾಗ ಹೊಸದಾಗಿ ಕಲಿಯಹೊರಟರೆ ಚಿತ್ರ ನಿಲ್ಲುವುದೇ ಕಷ್ಟ.

ಭಯದ ಮೆಟ್ಟಿಲುಗಳು

ನಿರ್ದಿಷ್ಟ ಭಯಕ್ಕೆ ವೋಲ್ಪೆ ವಿಧಾನ ಹೊಂದುತ್ತದೆ. ಭಯದ ಸನ್ನಿವೇಶಗಳನ್ನು ಸೌಮ್ಯದಿಂದ ತೀವ್ರದವರೆಗೆ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ 0ರಿಂದ 100ರೊಳಗೆ ಅಂಕ ಕೊಡಲಾಗುತ್ತದೆ. ಸಂದರ್ಶನದ ಭಯವಾದರೆ, ಕರೆಪತ್ರ ಕೈಸೇರುವುದು ಕೆಳಗಿನ ಮೆಟ್ಟಿಲು. ಹಿಂದಿನ ರಾತ್ರಿ ಬಟ್ಟೆ ಇಸ್ತ್ರಿ ಮಾಡುವುದು, ಹೊರಗೆ ಬೆಂಚಿನ ಮೇಲೆ ಕಾಯುವುದು, ಹೆಸರು ಕೂಗಿದ್ದು ಕೇಳಿಸುವುದು ಮುಂದಿನವು. ಉತ್ತರ ಗೊತ್ತಿಲ್ಲದ ಪ್ರಶ್ನೆ ಎದುರಾಗುವುದು ತುತ್ತತುದಿ.

ದೇಹವನ್ನು ಸಡಿಲಬಿಟ್ಟು ಮೊದಲ ದೃಶ್ಯವನ್ನು ಕೆಲವು ಸೆಕೆಂಡು ಕಲ್ಪಿಸಿಕೊಳ್ಳಬೇಕು. ಕಳವಳ ಎದ್ದರೆ ರೋಗಿ ಬೆರಳೆತ್ತಿ ಚಿಕಿತ್ಸಕರಿಗೆ ಸೂಚಿಸುತ್ತಾರೆ. ದೃಶ್ಯ ಬಿಟ್ಟು ಮತ್ತೆ ವಿಶ್ರಾಂತಿ. ಒಂದು ಮೆಟ್ಟಿಲು ಕಳವಳವಿಲ್ಲದೆ ದಾಟಿದ ಮೇಲೆಯೇ ಮುಂದಿನದು. ತೀವ್ರ ಭಯವಿದ್ದವರು ಇದನ್ನು ತಜ್ಞರ ಜೊತೆ ಕುಳಿತೇ ಮಾಡಬೇಕು.

ಫಲಕ್ಕಿಂತ ಕೆಲಸದ ಚಿತ್ರ

ಗೆದ್ದ ಗಳಿಗೆಯನ್ನಷ್ಟೇ ಕಲ್ಪಿಸಿಕೊಂಡರೆ ಪ್ರಯೋಜನ ಕಡಿಮೆ. ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ಅಮೆರಿಕದ ವಿದ್ಯಾರ್ಥಿಗಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಅಂಕ ಬಂದಂತೆ ಕಲ್ಪಿಸಿಕೊಂಡವರಿಗಿಂತ, ಕುಳಿತು ಓದುತ್ತಿರುವ ಚಿತ್ರ ಕಟ್ಟಿಕೊಂಡವರೇ ಪರೀಕ್ಷೆಯಲ್ಲಿ ಮುಂದಿದ್ದರು. ಅವರ ಓದಿನ ಯೋಜನೆ ಸ್ಪಷ್ಟವಾಗಿತ್ತು, ಆತಂಕವೂ ತಗ್ಗಿತ್ತು. ಪರೀಕ್ಷೆಗೆ ಹೆದರುವ ಮಕ್ಕಳಿಗೆ ಹೆತ್ತವರು ರ್‍ಯಾಂಕಿನ ಕನಸು ತೋರಿಸುವ ಬದಲು ನಾಳೆ ಬೆಳಗಿನ ಓದಿನ ಚಿತ್ರ ಕಟ್ಟಿಕೊಳ್ಳಲು ನೆರವಾಗುವುದು ಒಳ್ಳೆಯದು.

ಚಿತ್ರವೇ ಮೂಡದಿದ್ದರೆ

ಕೆಲವರಿಗೆ ಕಣ್ಣು ಮುಚ್ಚಿದರೆ ಏನೂ ಕಾಣುವುದಿಲ್ಲ. ಫ್ರಾನ್ಸಿಸ್ ಗಾಲ್ಟನ್ 1880ರಲ್ಲೇ ಇದನ್ನು ದಾಖಲಿಸಿದ್ದರು. 2015ರಲ್ಲಿ ನರವಿಜ್ಞಾನಿ ಆಡಮ್ ಜೆಮನ್ ಮತ್ತು ಸಂಗಡಿಗರು ಇದಕ್ಕೆ ಅಫ್ಯಾಂಟೇಸಿಯ ಎಂದು ಹೆಸರಿಟ್ಟರು. ಇದು ಕಾಯಿಲೆಯಲ್ಲ. ಇಂಥವರು ಸದ್ದು, ಸ್ಪರ್ಶ, ಉಸಿರಾಟಗಳನ್ನು ಆಧಾರವಾಗಿಟ್ಟುಕೊಳ್ಳಬಹುದು.

ಎಚ್ಚರ ಬೇಕಾದಲ್ಲಿ

ದೌರ್ಜನ್ಯ, ಅಪಘಾತಗಳ ಕಹಿ ನೆನಪಿರುವವರಿಗೆ ಕಣ್ಣು ಮುಚ್ಚಿದಾಗ ಬೇಡದ ದೃಶ್ಯಗಳೇ ನುಗ್ಗಿಬರಬಹುದು. ಆಗ ಕಣ್ಣು ತೆರೆದು, ಪಾದಗಳನ್ನು ನೆಲಕ್ಕೂರಿ, ಸುತ್ತಲಿನ ವಸ್ತುಗಳನ್ನು ಒಂದೊಂದಾಗಿ ಹೆಸರಿಸುವುದು ಕ್ಷೇಮ. ಇಲ್ಲದ ಧ್ವನಿ ಕೇಳಿಸುವ, ಇಲ್ಲದ್ದು ಕಾಣಿಸುವ ತೊಂದರೆ ಇರುವವರು ಮನೋವೈದ್ಯರ ಸಲಹೆಯಿಲ್ಲದೆ ಈ ಅಭ್ಯಾಸಕ್ಕೆ ಕೈಹಾಕಬಾರದು. ವೈದ್ಯರು ಕೊಟ್ಟ ಮಾತ್ರೆಗಳನ್ನು ಇದನ್ನು ನೆಚ್ಚಿ ನಿಲ್ಲಿಸುವುದೂ ಸಲ್ಲದು.

ಆತಂಕ ವಾರಗಟ್ಟಲೆ ಬಿಡದೆ ನಿದ್ದೆ, ಊಟ, ಕೆಲಸಗಳನ್ನು ಕೆಡಿಸುತ್ತಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಈ ಸೇವೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ತೊಂದರೆ ಉಲ್ಬಣಿಸುವವರೆಗೆ ಕಾಯಬೇಕಿಲ್ಲ.